ನಡಾವಳಿಯಲ್ಲಿ ಉಳಿದ ಮಾತು

ಛಟ್! ಒದ್ದೆ ಚಾದರದ ಮೂಲೆಗಳನ್ನು ಇಬ್ಬರು ಹೆಂಗಸರು ಹಿಡಿದು ಒಮ್ಮೆಗೇ ಜಾಡಿಸಿದಾಗ ಬರುವ ಸದ್ದು ಅದು. ಒಬ್ಬಳ ಕೈ ಅರೆಗಳಿಗೆ ಹಿಂದೆಬಿದ್ದರೂ ಆ ಛಟ್ ಹುಟ್ಟುವುದಿಲ್ಲ, ಬಟ್ಟೆ ಸುಮ್ಮನೆ ಪಟಪಟ ಅಂದು ಜೋತುಬೀಳುತ್ತದೆ. ಹನ್ನೊಂದು ವರ್ಷ ಆ ಸದ್ದಿನ ಒಂದು ಅರ್ಧ ನನ್ನದಾಗಿತ್ತು, ಇನ್ನೊಂದು ಅರ್ಧ ನನ್ನ ಜೋಡಿಗಾತಿಯದು. ಈಗಲೂ ಸ್ನೊಕ್ವಾಲ್ಮಿ ಊರಿನ ತನ್ನ ಮನೆಯಲ್ಲಿ ಮಗಳು ಬೆಡ್‌ಶೀಟ್ ಕೊಡವಿದರೆ ನನ್ನ ಎರಡೂ ಕೈಗಳು ತಾವಾಗಿ ಮೇಲೇಳುತ್ತವೆ. "ಅಜ್ಜೀ, ಆರ್ ಯೂ ಫ್ಲೈಯಿಂಗ್?" ಎಂದು ಮೊಮ್ಮಗಳು ನಗುತ್ತಾಳೆ.

ರೆಂಟನ್ ಊರಿನ ಗೋಡೌನುಗಳ ಸಾಲಿನಲ್ಲಿ ನಮ್ಮ ಲಾಂಡ್ರಿ ಇತ್ತು. ಲಾಂಡ್ರಿ ಎಂದರೆ ಅಂಗಡಿಯಲ್ಲ, ದೊಡ್ಡ ಫ್ಯಾಕ್ಟರಿ. ಸುತ್ತಲಿನ ಆಸ್ಪತ್ರೆಗಳ ಚಾದರ, ದಿಂಬಿನ ಗವಸು, ಗೌನು, ಟವೆಲ್ಲುಗಳು ಟ್ರಕ್ಕುಗಟ್ಟಲೆ ಬರುತ್ತಿದ್ದವು, ಒಗೆಸಿಕೊಂಡು ಟ್ರಕ್ಕುಗಟ್ಟಲೆ ಹೋಗುತ್ತಿದ್ದವು. ನಮ್ಮಿಬ್ಬರ ಕೆಲಸ ಐರನರ್‌ಗೆ ಚಾದರ ಉಣಿಸುವುದು. ಒಂದು ಕೋಣೆಯಷ್ಟು ಅಗಲದ ಇಸ್ತ್ರಿ ಯಂತ್ರ, ಒಳಗೆ ಹಬೆಯಿಂದ ಕಾದ ಉರುಳೆಗಳು. ಆ ಕಡೆ ಅವಳು, ಈ ಕಡೆ ನಾನು. ಜಾಡಿಸಬೇಕು, ಅಂಚು ನೆಟ್ಟಗೆ ಹಿಡಿಯಬೇಕು, ಯಂತ್ರದ ಬಾಯಿಗೆ ಕೊಡಬೇಕು. ಬೆಳಗಿನ ಐದರಿಂದ ಮಧ್ಯಾಹ್ನ ಒಂದೂವರೆಯ ತನಕ ಇದೇ ಪೂಜೆ.

ನಾನು ಆ ಕೆಲಸಕ್ಕೆ ಸೇರಿದ್ದು ಸಂಬಳದ ಆಸೆಗಲ್ಲ, ಕಾರ್ಡಿಗೆ. ಈ ದೇಶದಲ್ಲಿ ಡಾಕ್ಟರ ಬಾಗಿಲು ತೆರೆಯುವ ಇನ್ಶೂರೆನ್ಸ್ ಕಾರ್ಡು ಬಹುಮಟ್ಟಿಗೆ ಕೆಲಸದ ಜೊತೆಗೇ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ನನ್ನ ಯಜಮಾನರು ಕೆಲಸ ಮಾಡುತ್ತಿದ್ದ ಸಣ್ಣ ಎಂಜಿನಿಯರಿಂಗ್ ಆಫೀಸು ಒಂದು ಶುಕ್ರವಾರ ಮುಚ್ಚಿತು. ಕಾರ್ಡು ಹೋಯಿತು. ಅವರ ಹೃದಯದ ತೊಂದರೆ ಮಾತ್ರ ಉಳಿಯಿತು. ಲಾಂಡ್ರಿಯಲ್ಲಿ ಯೂನಿಯನ್ ಇದೆ, ಯೂನಿಯನ್ನಿನ ವಿಮೆ ಪ್ಲ್ಯಾನು ಮನೆಮಂದಿಗೆಲ್ಲ ಸಿಗುತ್ತದೆ ಎಂದು ಯಾರೋ ಹೇಳಿದರು. ನಾನು ಅರ್ಜಿ ಹಾಕಿದೆ. ಧಾರವಾಡದ ಕಾನ್ವೆಂಟು, ಆಮೇಲೆ ಬಿ.ಎ., ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಗೆದ್ದ ಎರಡು ಕಪ್ಪು, ಇವನ್ನೆಲ್ಲ ಬರೆಯಲು ಆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಮೂವತ್ತು ಪೌಂಡು ಎತ್ತಬಲ್ಲಿರಾ ಎಂದು ಕೇಳಿದ್ದರು. ಯೆಸ್ ಎಂದು ಬರೆದೆ.

"ಇಂಗ್ಲಿಷ್ ಲಿಟರೇಚರ್ ಕಲತಾಕಿ ಚಾದರ ಇಸ್ತ್ರಿ ಮಾಡ್ಲಿಕ್ಕೆ ಹೊಂಟಾಳ ನೋಡ್ರಿ," ಎಂದರು ಯಜಮಾನರು, ಸೋಫಾದ ಮೇಲೆ ಮಲಗಿದಲ್ಲಿಂದಲೇ. "ನಿಮ್ಮ ಮದರ್ ಸುಪೀರಿಯರ್‌ಗೆ ಗೊತ್ತಾದ್ರ ಏನಂತಾರ?"

"ಅಂಚು ನೆಟ್ಟಗ ಹಿಡಿ ಅಂತಾರ," ಎಂದೆ.

ಅವರು ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮೂರನೆಯ ತಿಂಗಳು ಕಾರ್ಡು ಟಪಾಲಿನಲ್ಲಿ ಬಂದ ದಿನ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರು.

ಮೊದಲ ದಿನವೇ ನನ್ನನ್ನು ಜೋಡಿ ಮಾಡಿದ್ದು ಅವಳ ಜೊತೆ. ಇಬ್ಬರೂ ಇಂಡಿಯನ್ನರು, ಹೊಂದಿಕೊಳ್ಳಲಿ ಎಂದು ಸೂಪರ್‌ವೈಸರ್ ಅಂದುಕೊಂಡಿರಬೇಕು. ಅರ್ಧ ಗಂಟೆ ನಾವಿಬ್ಬರೂ ಇಂಗ್ಲಿಷಿನಲ್ಲೇ ಒದ್ದಾಡಿದೆವು. ಹಬೆ ನನ್ನ ಮಣಿಕಟ್ಟಿಗೆ ತಗುಲಿ "ಅಯ್ಯೋ ನಮ್ಮವ್ವ!" ಎಂದೆ ನೋಡಿ, ಅವಳು ಚಾದರವನ್ನೇ ಬಿಟ್ಟುಬಿಟ್ಟಳು.

"ಅಯ್ಯೋ, ಕನ್ನಡದೋರಾ? ಮೊದ್ಲೇ ಹೇಳ್ಬಾರ್ದಾ ಅಕ್ಕ! ಆಗ್ಲಿಂದ ನನ್ನ ಇಂಗ್ಲಿಷ್ ಖರ್ಚು ಮಾಡಿಸ್ತಿದೀರಲ್ಲ!"

ಮೈಸೂರಿನವಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಗಂಡ ಕ್ರಾಸ್‌ರೋಡ್ಸ್ ಮಾಲಿನ ಹತ್ತಿರ ಒಂದು ಹೋಟೆಲಿನಲ್ಲಿ ಅಡುಗೆಯವರು. ಅವರ ಮಸಾಲೆದೋಸೆ ತಿನ್ನಲು ಸಾಫ್ಟ್‌ವೇರ್ ಹುಡುಗರು ಶನಿವಾರ ಬೆಳಗ್ಗೆ ಬಾಗಿಲಾಚೆ ತನಕ ಕ್ಯೂ ನಿಲ್ಲುತ್ತಿದ್ದರಂತೆ. ಕೆಲವು ವರ್ಷಗಳ ನಂತರ ಅವರ ಕೈ ನಡುಗತೊಡಗಿತು. ಸೌಟಿನಿಂದ ಹಿಟ್ಟು ಕಾವಲಿಯ ಹೊರಗೆ ಬೀಳತೊಡಗಿತು. ಪಾರ್ಕಿನ್ಸನ್ಸ್ ಎಂದರು ಡಾಕ್ಟರು. ಅವರ ದುಡಿಮೆಯ ಹೆಚ್ಚು ಪಾಲು ಯಾವ ಕಾಗದದ ಮೇಲೂ ಇರಲಿಲ್ಲವಾದ್ದರಿಂದ ಸರ್ಕಾರದ ನೆರವು ದಕ್ಕಲಿಲ್ಲ. ಹೊರಗೆ ಕೊಳ್ಳಬಹುದಾಗಿದ್ದ ಪಾಲಿಸಿಗಳು ಒಪ್ಪುವ ಪಟ್ಟಿಯಲ್ಲಿ ಅವರ ಡಾಕ್ಟರೂ ಇರಲಿಲ್ಲ, ಅವರಿಗೆ ಒಗ್ಗಿದ ಮಾತ್ರೆಯೂ ಇರಲಿಲ್ಲ. ಹಾಗಾಗಿ ಅವಳೂ ನನ್ನ ಹಾಗೆಯೇ, ಕಾರ್ಡಿಗಾಗಿ ಚಾದರಕ್ಕೆ ಅಂಟಿಕೊಂಡವಳು.

ನನಗೂ ಅವಳಿಗೂ ಒಂದು ವ್ಯತ್ಯಾಸವಿತ್ತು. ನನ್ನ ಯಜಮಾನರು ಅರವತ್ತೈದು ತುಂಬಿ ಮೆಡಿಕೇರ್‌ಗೆ, ಅಂದರೆ ಇಲ್ಲಿಯ ಮುದುಕರ ಸರ್ಕಾರಿ ವಿಮೆಗೆ, ಸೇರಿದರು. ಅವಳ ಗಂಡನಿಗೆ ಆಗ ಅರವತ್ತೆರಡು. ಅವಳಿಗೆ ಅರವತ್ತು. ದಿನೇ ದಿನೇ ಅವರು ಕುರ್ಚಿಯಲ್ಲಿ ಕೂತಲ್ಲೇ ಕಲ್ಲಾಗುತ್ತಿದ್ದರು. ಮಾತು ಸಣ್ಣಗಾಗುತ್ತಿತ್ತು. ಇನ್ನೂ ಮಾತು ಇರುವಾಗಲೇ ಅವರ ಜೊತೆ ಮನೆಯಲ್ಲಿ ಇರಬೇಕು ಎನ್ನುವುದು ಅವಳ ಒಂದೇ ಆಸೆ. ಕೆಲಸ ಬಿಟ್ಟರೆ ಕಾರ್ಡು ಹೋಗುತ್ತದೆ ಎನ್ನುವುದು ಅವಳ ಒಂದೇ ತಡೆ.

ಯೂನಿಯನ್ ಮೀಟಿಂಗ್ ತಿಂಗಳಿಗೊಮ್ಮೆ, ಕೆಲಸ ಮುಗಿದ ಮೇಲೆ, ಮಧ್ಯಾಹ್ನ ಎರಡಕ್ಕೆ. ಹಾಲ್ ಏನೂ ಭವ್ಯವಾಗಿರಲಿಲ್ಲ. ಕಬ್ಬಿಣದ ಮಡಚು ಕುರ್ಚಿಗಳು, ಕಂದು ಲಿನೋಲಿಯಂ, ಕಹಿಯಾದ ಕಾಫಿಯ ದೊಡ್ಡ ಡ್ರಮ್ಮು. ಆದರೆ ಅಲ್ಲಿ ನಾನು ಕಂಡದ್ದನ್ನು ನನ್ನ ಆಯುಷ್ಯದಲ್ಲಿ ಬೇರೆಲ್ಲೂ ಕಂಡಿಲ್ಲ. ಬೆಳಗ್ಗೆಯಿಡೀ ರಕ್ತದ ಚಾದರ ವಿಂಗಡಿಸಿದ ಕೈಗಳು ಮಧ್ಯಾಹ್ನ ಕಾನೂನಿನ ಪುಟ ತಿರುವುತ್ತಿದ್ದವು. ಮಾತಾಡುವವರಿಗೆ ಮೂರು ನಿಮಿಷ. ಪರವಾಗಿ ಇರುವವರಿಗೆ ಒಂದು ಮೈಕು, ವಿರೋಧಕ್ಕೆ ಇನ್ನೊಂದು. ಈ ಕಡೆ ಒಬ್ಬರು, ಆ ಕಡೆ ಒಬ್ಬರು, ಸರದಿ ತಪ್ಪುವಂತಿಲ್ಲ. ಎಷ್ಟೇ ಸಿಟ್ಟಿದ್ದರೂ ಬ್ರದರ್, ಸಿಸ್ಟರ್ ಎಂದೇ ಕರೆಯಬೇಕು. ಕಾನ್ವೆಂಟಿನಲ್ಲಿ ನಾನು ಹತ್ತು ವರ್ಷ ಸಿಸ್ಟರ್ ಎಂದು ಕರೆದವಳು, ತಲೆ ತಗ್ಗಿಸಿಕೊಂಡು. ಇಲ್ಲಿ ಆರಡಿ ಗಂಡಸರು ನನ್ನನ್ನು ಸಿಸ್ಟರ್ ಎಂದು ಕರೆದು ದಾರಿ ಬಿಟ್ಟರು. ಮೊದಲ ಸಲ ಹಿಂದೆ ತಿರುಗಿ ನೋಡಿದ್ದೆ, ಯಾರನ್ನು ಕರೆದರೋ ಎಂದು.

ಅಧ್ಯಕ್ಷೆ ಟ್ರಕ್ ಓಡಿಸುವ ಹೆಂಗಸು. ಗಟ್ಟಿ ಗಂಟಲು, ಕೈಯಲ್ಲಿ ಮರದ ಸುತ್ತಿಗೆ. ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಕಂಡು ಹುಬ್ಬೇರಿಸಿದ್ದಳು.

"ಸಿಸ್ಟರ್, ಇದು ಕೈಯಲ್ಲಿ ಬರೆದದ್ದಾ, ಪ್ರಿಂಟ್ ಹೊಡೆದದ್ದಾ?"

"ಕಾನ್ವೆಂಟಿನ ನನ್ಸ್ ಹೊಡೆದು ಬರೆಸಿದ್ದು," ಎಂದೆ.

ಹಾಲೆಲ್ಲ ನಕ್ಕಿತು. ಮುಂದಿನ ಚುನಾವಣೆಯಲ್ಲಿ ನಾನು ಸೆಕ್ರೆಟರಿ. ನಡಾವಳಿ ಬರೆಯುವುದು ನನ್ನ ಕೆಲಸ, ಇಲ್ಲಿಯವರ ಬಾಯಲ್ಲಿ ಮಿನಿಟ್ಸ್. ಹಳೆಯ ಸೆಕ್ರೆಟರಿ ಒಂದೇ ಪಾಠ ಹೇಳಿಕೊಟ್ಟಿದ್ದ: "ಏನು ತೀರ್ಮಾನ ಆಯಿತೋ ಅದನ್ನು ಬರೀರಿ. ಯಾರು ಏನಂದರೋ ಅದನ್ನು ಬರೀಬೇಡಿ." ನಾನು ಅದನ್ನು ವ್ರತದಂತೆ ಪಾಲಿಸಿದೆ. ಎರಡು ವರ್ಷ.

ಆ ವಸಂತದಲ್ಲಿ ಒಂದು ಗೊತ್ತುವಳಿ ಬಂತು. ರಾಜ್ಯದಲ್ಲಿರುವ ಎಲ್ಲರಿಗೂ ಒಂದೇ ವಿಮೆ, ಆಸ್ಪತ್ರೆಯ ಬಿಲ್ಲನ್ನು ಸರ್ಕಾರವೊಂದೇ ಕಟ್ಟುವುದು, ಕೆಲಸಕ್ಕೂ ಕಾರ್ಡಿಗೂ ಸಂಬಂಧವೇ ಇರಬಾರದು. ಸಿಂಗಲ್ ಪೇಯರ್ ಎನ್ನುತ್ತಿದ್ದರು. ಅಂಥದೊಂದು ಮಸೂದೆ ರಾಜಧಾನಿ ಒಲಿಂಪಿಯಾದಲ್ಲಿ ಶಾಸಕರ ಮುಂದಿತ್ತು. ನಮ್ಮ ಯೂನಿಯನ್ ಅದನ್ನು ಬೆಂಬಲಿಸಬೇಕೋ ಬೇಡವೋ ಎಂಬುದು ಪ್ರಶ್ನೆ. ಸುಲಭವೆಂದು ತೋರಬಹುದು, ಆಗಿರಲಿಲ್ಲ. ನಮ್ಮ ಪ್ಲ್ಯಾನು ಯಾರೋ ದಾನ ಕೊಟ್ಟದ್ದಲ್ಲ. ನಾನು ಸೇರುವ ಮುಂಚೆ ಇವರೆಲ್ಲ ವಾರಗಟ್ಟಲೆ ಸ್ಟ್ರೈಕ್ ಮಾಡಿ, ಜಡಿಮಳೆಯಲ್ಲಿ ಗೇಟಿನ ಮುಂದೆ ನಿಂತು ಗೆದ್ದುಕೊಂಡದ್ದು. ಆ ಮಸೂದೆ ಪಾಸಾದರೆ ನಮ್ಮ ಪ್ಲ್ಯಾನು ಇರುವುದಿಲ್ಲ, ಎಲ್ಲರದೂ ಒಂದೇ ಆಗುತ್ತದೆ.

ಮೀಟಿಂಗಿನ ದಿನ ಬೆಳಗ್ಗೆ ಐರನರ್ ಮುಂದೆ ಅವಳು ಕೇಳಿದಳು.

"ಅಕ್ಕ, ಇವತ್ತು ನನ್ ಪರವಾಗಿ ನೀವ್ ಮಾತಾಡ್ತೀರಾ? ನಿಮ್ದು ಕಾನ್ವೆಂಟ್ ಇಂಗ್ಲಿಷು. ನಂದು ಬಸ್ ಸ್ಟಾಪ್ ಇಂಗ್ಲಿಷು. ನಾನು ಹೇಳೋದು ಅವ್ರಿಗೆ ನಗು ತರ್ಸುತ್ತೆ."

"ನಾ ಸೆಕ್ರೆಟರಿ ಇದ್ದೀನಿ," ಎಂದೆ. "ಬರಿಯೋರು ಮಾತಾಡೂ ಹಂಗಿಲ್ಲ."

ಅಂಥ ನಿಯಮವೇನೂ ಇರಲಿಲ್ಲ. ನನಗೆ ಮೈಕೆಂದರೆ ಹೆದರಿಕೆ. ಎಲೊಕ್ಯೂಷನ್ ಕಪ್ಪು ಗೆದ್ದವಳಿಗೆ ಹೆದರಿಕೆಯೇ ಎನ್ನಬೇಡಿ. ಬೇರೆಯವರು ಬರೆದದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಬೇರೆ, ಜಗಳದ ನಡುವೆ ಎದ್ದು ನಿಲ್ಲುವುದು ಬೇರೆ. ಅವಳು ನನ್ನ ಮುಖ ನೋಡಿದಳು. ಸುಳ್ಳು ಎಂದು ಗೊತ್ತಾಯಿತೋ ಏನೋ. "ಆಯ್ತು ಬಿಡಿ ಅಕ್ಕ," ಎಂದು ಮುಂದಿನ ಚಾದರ ಎತ್ತಿಕೊಂಡಳು.

ಅವಳೇ ಮಾತಾಡಿದಳು. ಮೈಕು ಅವಳ ಹಣೆಯ ಮಟ್ಟಕ್ಕಿತ್ತು. ವಿರೋಧದ ಮೈಕಿನ ಮುಂದೆ ಸರದಿಗಾಗಿ ನಿಂತಿದ್ದ ಬಾಯ್ಲರ್ ರೂಮಿನ ದೈತ್ಯ ಮನುಷ್ಯ ಈಚೆ ಬಂದು, ಅದನ್ನು ತಿರುಗಿಸಿ ಅವಳ ಬಾಯಿಯ ಎತ್ತರಕ್ಕೆ ಇಳಿಸಿ, ಮತ್ತೆ ಹೋಗಿ ತನ್ನ ಜಾಗದಲ್ಲಿ ನಿಂತ. ಇಂಥದ್ದನ್ನು ಕಂಡಾಗಲೇ ನನ್ನ ಪೆನ್ನು ನಿಂತುಬಿಡುತ್ತಿತ್ತು.

ಅವಳ ಇಂಗ್ಲಿಷು ತುಂಡು ತುಂಡಾಗಿತ್ತು. ಯಾರೂ ನಗಲಿಲ್ಲ.

"ನನ್ನ ಗಂಡ ಅಡುಗೆಯವರು. ಈಗ ಅವರಿಗೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಬೆಳಗ್ಗೆ ನಾಲ್ಕಕ್ಕೆ ನಾನು ಗುಂಡಿ ಹಾಕುತ್ತೇನೆ. ನೀರು ಹತ್ತಿರ ಇಡುತ್ತೇನೆ. ಬಸ್ ಹತ್ತುತ್ತೇನೆ. ಮೂರಕ್ಕೆ ಮನೆಗೆ ಹೋದಾಗ ನೀರು ಹಾಗೇ ಇರುತ್ತದೆ. ಅವರೂ ಹಾಗೇ ಇರುತ್ತಾರೆ. ನಾನು ಕೆಲಸ ಬಿಟ್ಟರೆ ಅವರಿಗೆ ಮಾತ್ರೆ ಇಲ್ಲ. ಬಿಡದೆ ಇದ್ದರೆ ನಾನೇ ಇಲ್ಲ. ಇದನ್ನು ನೀವು ಬೆನಿಫಿಟ್ ಅನ್ನುತ್ತೀರಿ. ನನಗೆ ಯಾವುದು ಬೆನಿಫಿಟ್ ಅಂತ ಹೇಳಿ. ನಾನು ಕೂತು ಕೇಳುತ್ತೇನೆ."

ಹೋಗಿ ಕೂತಳು. ಮೂರು ನಿಮಿಷದಲ್ಲಿ ಒಂದು ನಿಮಿಷವೂ ಮುಗಿದಿರಲಿಲ್ಲ.

ಬಾಯ್ಲರ್ ರೂಮಿನವನ ಸರದಿ. ಅವನ ಮಗಳಿಗೆ ಆರು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಬಂದಿತ್ತು. ನಮ್ಮ ಪ್ಲ್ಯಾನು ಒಂದು ಪ್ರಶ್ನೆ ಕೇಳದೆ ಎಲ್ಲ ಚಿಕಿತ್ಸೆ ಮಾಡಿಸಿತು. ಆ ಹುಡುಗಿ ಈಗ ನರ್ಸು. "ಆ ಪ್ಲ್ಯಾನಿಗೆ ನಾನು ಮಳೆಯಲ್ಲಿ ನಿಂತಿದ್ದೆ," ಎಂದ. "ಒಲಿಂಪಿಯಾದಲ್ಲಿ ಸೂಟು ಹಾಕಿಕೊಂಡು ಕೂತವರನ್ನು ನಂಬಿ ಅದನ್ನು ಬಿಟ್ಟುಕೊಡು ಅನ್ನುತ್ತೀರಿ." ಅಲ್ಲಿಯ ತನಕ ಎಲ್ಲವೂ ನ್ಯಾಯದ ಮಾತು, ನನ್ನ ತಲೆಯೂ ಆಡುತ್ತಿತ್ತು. ಆಮೇಲೆ ಅವನ ದನಿ ಏರಿತು. "ಸಿಸ್ಟರ್‌ಗೆ ಮನೆಗೆ ಹೋಗಬೇಕಾಗಿದೆ. ಅದಕ್ಕೆ ನಾವೆಲ್ಲ ನಮ್ಮ ಮನೆಗೆ ಬೆಂಕಿ ಹಚ್ಚಿಕೊಳ್ಳಬೇಕಾ?"

ಸುತ್ತಿಗೆ ಬಿತ್ತು. ಗದ್ದಲವೆದ್ದಿತು. ವಿಷಯವನ್ನು ಮುಂದಿನ ತಿಂಗಳಿಗೆ ಮುಂದೂಡೋಣ ಎಂದು ಯಾರೋ ಅಂದರು, ಹಾಗೇ ಆಯಿತು. ಅವಳು ಬಸ್ಸಿಗೆ ಓಡಿದಳು.

ಮರುದಿನ ಬೆಳಗ್ಗೆ ಆರಕ್ಕೆ ಆ ದೈತ್ಯ ನಮ್ಮ ಐರನರ್ ಹತ್ತಿರ ಬಂದ. ಅವಳ ಕಡೆಯ ಪೈಪಿನಲ್ಲಿ ಹಬೆ ಸೋರಿ ಅವಳ ಮೊಣಕೈ ಸುಡುತ್ತಿದೆ ಎಂದು ನಾವು ವಾರದ ಹಿಂದೆ ದೂರು ಕೊಟ್ಟಿದ್ದೆವು. ಮೊಣಕಾಲೂರಿ ಕೂತು ಪೈಪು ಸರಿಮಾಡಿದ. ಏಳುವಾಗ ಅವಳ ಮುಖ ನೋಡಲಿಲ್ಲ.

"ನೋಡಿದ್ರಾ ಅಕ್ಕ," ಎಂದಳು ಅವಳು. "ಬಾಯಲ್ಲಿ ಬೆಂಕಿ, ಕೈಯಲ್ಲಿ ಸ್ಪ್ಯಾನರ್ರು."

ಆ ಭಾನುವಾರ ಮನೆಯ ಊಟದ ಮೇಜಿನ ಮೇಲೆ ನಡಾವಳಿ ಬರೆಯಲು ಕೂತೆ. "ಗೊತ್ತುವಳಿಯನ್ನು ಮುಂದಿನ ತಿಂಗಳಿಗೆ ಮುಂದೂಡಲಾಯಿತು." ಒಂದೇ ಸಾಲು. ಅಷ್ಟೇ ಬೇಕಾದದ್ದು. ಆ ಸಾಲನ್ನು ನೋಡಿದೆ. ಅವಳು ಆ ಮಧ್ಯಾಹ್ನ ಬಾಯಿಬಿಟ್ಟೇ ಇರಲಿಲ್ಲವೇನೋ ಎನ್ನುವಂತಿತ್ತು. ನಾನು ಅವಳ ಪರವಾಗಿ ಮಾತಾಡಲಿಲ್ಲ, ಈಗ ಅವಳು ಆಡಿದ್ದನ್ನೂ ಅಳಿಸುತ್ತಿದ್ದೇನೆ. ಹಾಳೆ ಹರಿದೆ. ಹೊಸ ಹಾಳೆಯಲ್ಲಿ ಗುಂಡಿಯಿಂದ ಹಿಡಿದು ನೀರಿನ ತನಕ ಅವಳ ಮಾತನ್ನೆಲ್ಲ ಬರೆದೆ. ನನ್ನ ಬೆರಳಿಗೆ ಅಡಿಪಟ್ಟಿಯ ಏಟು ಕೊಟ್ಟ ಇಂಗ್ಲಿಷ್ ಟೀಚರು ಪಕ್ಕದಲ್ಲಿ ನಿಂತಂತಾಯಿತು, ಆದರೂ ಒಂದು ಶಬ್ದವನ್ನೂ ತಿದ್ದಲಿಲ್ಲ. ಅವಳದು ಬರೆದ ಮೇಲೆ ಅವನದನ್ನು ಬಿಡುವುದು ನ್ಯಾಯವಲ್ಲವಲ್ಲ. ಮಳೆ, ಮಗಳು, ಬೆಂಕಿ, ಎಲ್ಲವನ್ನೂ ಬರೆದೆ.

ಯಜಮಾನರು ಕನ್ನಡಕ ಏರಿಸಿಕೊಂಡು ಓದಿದರು.

"ಇದು ನಡಾವಳಿ ಅಲ್ಲ ಬಿಡು, ನಾಟಕ ಆಗೇದ."

"ಯಾರೂ ಕೇಳೂದಿಲ್ಲ. ಫೈಲಿಗೆ ಹೋಗ್ತದ ಅಷ್ಟ," ಎಂದೆ.

ಅದು ನಿಜವಾಗಿತ್ತು. ಪ್ರತಿ ತಿಂಗಳೂ ಹೋದ ಸಲದ ನಡಾವಳಿಯನ್ನು ಓದಬೇಕೆಂದು ನಿಯಮವಿದ್ದರೂ, ಓದುವುದು ಬೇಡ, ಒಪ್ಪಿದ್ದೇವೆ ಎಂದು ಯಾರಾದರೂ ಅನ್ನುತ್ತಿದ್ದರು, ಎಲ್ಲರೂ ಕಾಫಿಗೆ ಎದ್ದುಬಿಡುತ್ತಿದ್ದರು. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಓದಿರಲಿಲ್ಲ. ಅದು ಒಂದು ಕಬ್ಬಿಣದ ಬೀರುವಿಗೆ ನಾನು ಹೇಳಿಕೊಂಡ ಕನ್ಫೆಷನ್ ಎಂದುಕೊಂಡಿದ್ದೆ.

ಮುಂದಿನ ತಿಂಗಳು ಹಾಲ್ ತುಂಬಿತ್ತು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. "ನಡಾವಳಿ ಓದುವುದು ಬೇಡ," ಎಂದರು ಯಾರೋ, ಎಂದಿನಂತೆ. ಬಾಯ್ಲರ್ ರೂಮಿನವನು ಕೈ ಎತ್ತಿದ.

"ಓದಲಿ. ಹೋದ ಸಲ ಏನಾಯಿತು ಅಂತ ಪೂರ್ತಿ ಓದಲಿ. ಆಮೇಲೆ ಯಾರೂ ಮಾತು ತಿರುಗಿಸೋದು ಬೇಡ."

ಒಬ್ಬರು ಬೇಕೆಂದರೆ ಸಾಕು, ಓದಲೇಬೇಕು. ಅಧ್ಯಕ್ಷೆ ನನ್ನ ಕಡೆ ತಿರುಗಿದಳು. ಮೈಕಿನ ಹತ್ತಿರ ಹೇಗೆ ಹೋದೆನೋ ನೆನಪಿಲ್ಲ. ಹಾಜರಿ, ಖಜಾಂಚಿಯ ವರದಿ, ಪಿಕ್ನಿಕ್ಕಿನ ವಿಚಾರ ಓದಿದೆ. ಆಮೇಲೆ ಅವಳ ಮಾತು ಬಂತು. ಕಾನ್ವೆಂಟಿನ ನನ್ನ ದನಿಯಲ್ಲಿ, ತುಂಡು ತುಂಡಾದ ಅವಳ ವಾಕ್ಯಗಳು. ನನ್ನ ಗಂಡ ಅಡುಗೆಯವರು. ಬೆಳಗ್ಗೆ ನಾಲ್ಕಕ್ಕೆ ನಾನು ಗುಂಡಿ ಹಾಕುತ್ತೇನೆ. ಓದುತ್ತ ಓದುತ್ತ ನನಗೆ ಹೊಳೆಯಿತು. ಅವಳು ಕೇಳಿಕೊಂಡದ್ದು ಇದನ್ನೇ. ಒಂದು ತಿಂಗಳು ತಡವಾಗಿ, ಹೆದರುತ್ತ, ನಾನು ಅವಳ ಪರವಾಗಿ ಮಾತಾಡುತ್ತಿದ್ದೆ.

ಹೋದ ಸಲ ಬಂದಿರದವರು, ಗದ್ದಲದಲ್ಲಿ ಮರೆತವರು ಈಗ ಕೇಳಿದರು. ಕಾಫಿಗೆ ಎದ್ದವರು ಕಪ್ಪು ಹಿಡಿದು ನಿಂತುಬಿಟ್ಟರು.

ಅವನ ಸಾಲು ಬಂದಾಗ ನಿಲ್ಲಿಸಿದೆ. ಬಿಟ್ಟುಬಿಡಬಹುದಿತ್ತು. ಮೂರನೆಯ ಸಾಲಿನಿಂದ ಅವಳು ಕನ್ನಡದಲ್ಲಿ ಕೂಗಿದಳು. "ಓದ್ಬಿಡಿ ಅಕ್ಕ. ನಂದು ಓದಿ ಅವರ್ದು ಬಿಟ್ರೆ ಹೆಂಗೆ?"

ಓದಿದೆ. ನಮ್ಮ ಮನೆಗೆ ಬೆಂಕಿ ಹಚ್ಚಿಕೊಳ್ಳಬೇಕಾ?

ಹಿಂದಿನಿಂದ ಒಬ್ಬ ಎದ್ದು, ನಡಾವಳಿಯಲ್ಲಿ ಇಂಥದ್ದೆಲ್ಲ ಇರಬಾರದು, ಸೆಕ್ರೆಟರಿ ತಪ್ಪು ಮಾಡಿದ್ದಾರೆ, ತೆಗೆದುಹಾಕಬೇಕು ಎಂದ. ಅವನು ಹೇಳಿದ್ದು ಸರಿ. ತಪ್ಪು ನನ್ನದೇ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಯ್ಲರ್ ರೂಮಿನವನು ಮೈಕಿಗೆ ಬಂದಿದ್ದ.

"ತೆಗೀಬೇಡಿ," ಎಂದ. "ನಾನು ಅಂದದ್ದು ಅದೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನನ್ನ ಬಾಯಿಂದ ಬಂದಾಗ ಅದು ಹೀಗೆ ಕೇಳಿಸಿರಲಿಲ್ಲ." ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆ ದೊಡ್ಡ ತಲೆ ಪೂರ್ತಿ ಬೋಳಾಗಿತ್ತು, ಅದನ್ನು ನಾನು ನೋಡಿದ್ದು ಅವತ್ತೇ. "ನನ್ನ ಮಗಳ ಹಾಸಿಗೆ ಪಕ್ಕ ನಾನು ಎಂಟು ತಿಂಗಳು ಕೂತಿದ್ದೆ. ನನ್ನ ಪಾಳಿ ಯಾರು ಮಾಡಿದರು? ಇಲ್ಲಿರುವವರೇ ಮಾಡಿದರು. ಸಿಸ್ಟರ್ ಕೂಡ ಅಷ್ಟೇ ಕೇಳುತ್ತಿದ್ದಾರೆ, ಪಕ್ಕ ಕೂರೋದಕ್ಕೆ. ಒಲಿಂಪಿಯಾದವರನ್ನು ನಾನು ಇವತ್ತೂ ನಂಬುವುದಿಲ್ಲ. ಆದರೆ ಅವರು ಮನಸ್ಸು ಮಾಡುವ ತನಕ ಕೂತು ಕಾಯಬೇಕಾಗಿಲ್ಲ, ನಮ್ಮ ಪ್ಲ್ಯಾನು ನಮ್ಮ ಕೈಯಲ್ಲೇ ಇದೆ."

ಅಲ್ಲೇ ನಿಂತು ತಿದ್ದುಪಡಿ ಹೇಳಿದ. ಯೂನಿಯನ್ ಆ ಮಸೂದೆಯನ್ನು ಬೆಂಬಲಿಸಲಿ. ಜೊತೆಗೆ, ಕಂಪನಿಯೊಡನೆ ಬರುವ ಕಾಂಟ್ರ್ಯಾಕ್ಟಿನಲ್ಲಿ ನಮ್ಮ ಮೊದಲ ಬೇಡಿಕೆ ಇದಾಗಲಿ. ಹದಿನೈದು ವರ್ಷ ದುಡಿದು ಅರವತ್ತು ತುಂಬಿದವರು ಕೆಲಸ ಬಿಟ್ಟರೆ, ಮೆಡಿಕೇರ್ ಬರುವ ತನಕ ಅವರಿಗೂ ಅವರ ಮನೆಯವರಿಗೂ ಇದೇ ಕಾರ್ಡು. ಅದಕ್ಕಾಗಿ ಸಂಬಳದ ಏರಿಕೆಯಲ್ಲಿ ಸ್ವಲ್ಪ ಬಿಟ್ಟುಕೊಡುವುದಾದರೆ ಬಿಡೋಣ.

"ಸುಲಭವಾಗಿ ಹೇಳ್ತೀರಿ ಬ್ರದರ್!" ಕೊಳೆಬಟ್ಟೆ ವಿಂಗಡಿಸುವ ವಿಭಾಗದ ಒಬ್ಬ ತರುಣಿ ವಿರೋಧದ ಮೈಕಿಗೆ ಬಂದಳು. "ನನಗೆ ಇಪ್ಪತ್ತಾರು. ನನ್ನ ಏರಿಕೆ ಬಿಟ್ಟು ನಾನು ಮೂವತ್ತನಾಲ್ಕು ವರ್ಷ ಕಾಯಬೇಕಾ?"

ಅವಳದೂ ನ್ಯಾಯವೇ. ಹಾಲ್ ಗುಜುಗುಟ್ಟಿತು. ನನ್ನ ಜೋಡಿಗಾತಿ ಎದ್ದು ಪರವಾದ ಮೈಕಿಗೆ ಹೋದಳು. ಈ ಸಲ ಅದು ಅವಳ ಎತ್ತರಕ್ಕೇ ಇತ್ತು.

"ನೀನು ಕಾಯಬಾರದು ಮಗಳೇ," ಎಂದಳು. "ಅದಕ್ಕೇ ಆ ಕಾನೂನು ಬೇಕು. ಇದು ನನಗೆ. ಅದು ನಿನಗೆ."

ಮತದಾನಕ್ಕೆ ಕೈ ಎತ್ತಿದಾಗ ಲೆಕ್ಕ ತಿಳಿಯಲಿಲ್ಲ. ಆಗ ಅಧ್ಯಕ್ಷೆ ಎಲ್ಲರೂ ಎದ್ದು ನಡೆಯಿರಿ ಎಂದಳು. ಒಪ್ಪುವವರು ಕಿಟಕಿಯ ಕಡೆ, ಒಪ್ಪದವರು ಬಾಗಿಲ ಕಡೆ. ಗುಟ್ಟಿನ ಚೀಟಿಯಿಲ್ಲ, ಎಲ್ಲರ ಎದುರಿಗೆ, ಕಾಲಿಂದ ಹಾಕುವ ಓಟು. ನಾನು ಅದನ್ನು ಹಿಂದೆಯೂ ನೋಡಿದ್ದೆ, ಆದರೆ ಅವತ್ತಿನಂತೆ ಅಲ್ಲ. ವರ್ಷಗಟ್ಟಲೆ ಒಂದೇ ಯಂತ್ರಕ್ಕೆ ನಿಂತವರು ಬೇರೆ ಬೇರೆ ಗೋಡೆಗೆ ಹೋದರು, ಹೋಗುವಾಗ ಒಬ್ಬರ ಭುಜ ಒಬ್ಬರು ತಟ್ಟಿ ಹೋದರು. ಬಾಯ್ಲರ್ ರೂಮಿನವನು ತನ್ನ ಸ್ನೇಹಿತರನ್ನೆಲ್ಲ ಬಾಗಿಲ ಬಳಿ ಬಿಟ್ಟು ಕಿಟಕಿಯ ಕಡೆ ನಡೆದ. ಆ ತರುಣಿ ನಡುವೆ ನಿಂತೇ ನಿಂತಳು. ಸೊಂಟದ ಮೇಲೆ ಕೈಯಿಟ್ಟು ಛಾವಣಿ ನೋಡಿದಳು. ಥತ್ ಎಂದು ಕಿಟಕಿಯ ಕಡೆಗೇ ಬಂದಳು. ಚರ್ಚಿನಲ್ಲಿ, ಗುಡಿಯಲ್ಲಿ ನನಗೆ ಮೈ ಜುಮ್ಮೆಂದದ್ದುಂಟು. ಅವತ್ತಿನಷ್ಟು ಎಂದೂ ಆಗಿರಲಿಲ್ಲ.

ಎಣಿಸುವುದು ನನ್ನ ಕೆಲಸ. ಎರಡೂ ಗೋಡೆ ಎಣಿಸಿ ನಡುವೆ ನಿಂತು ಅಂಕಿ ಹೇಳಲು ಹೊರಟೆ.

"ಅಕ್ಕ!" ಕಿಟಕಿಯ ಕಡೆಯಿಂದ ಕೂಗು. "ನಿಮ್ಮನ್ನ ನೀವು ಎಣಿಸ್ಕೊಂಡ್ರಾ?"

ಸೆಕ್ರೆಟರಿಗೂ ಒಂದು ಮತವಿದೆ. ಎರಡು ವರ್ಷ ನಾನು ಬರೀ ಎಣಿಸಿದ್ದೆ, ಒಮ್ಮೆಯೂ ನಡೆದಿರಲಿಲ್ಲ. ಪ್ಯಾಡನ್ನು ಮೇಜಿನ ಮೇಲಿಟ್ಟೆ. ಲಿನೋಲಿಯಂ ಮೇಲೆ ಹದಿನೈದು ಹೆಜ್ಜೆ ಇರಬಹುದು. ಅವಳ ಪಕ್ಕಕ್ಕೆ ಹೋಗಿ ನಿಂತೆ. ಕಿಟಕಿಯ ಕಡೆಗೆ ಗೆಲುವಾಯಿತು. ನನ್ನ ಒಂದು ಮತದಿಂದಲ್ಲ, ಅದು ಇಲ್ಲದೆಯೂ ಗೆಲ್ಲುತ್ತಿತ್ತು. ಅದು ನನಗೆ ಇನ್ನೂ ಸಂತೋಷ.

ಮಸೂದೆ ಪಾಸಾಗಲಿಲ್ಲ. ನಾವು ಒಂದು ಬಸ್ಸು ತುಂಬ ಒಲಿಂಪಿಯಾಕ್ಕೆ ಹೋಗಿ ಬಂದೆವು, ಬಾಯ್ಲರ್ ರೂಮಿನವನು ದಾರಿಯುದ್ದಕ್ಕೂ ಶಾಸಕರನ್ನು ಬೈಯುತ್ತಲೇ ಬಂದ. ಮಸೂದೆ ಸಮಿತಿಯ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಇಂದಿಗೂ ಜನ ಅದಕ್ಕಾಗಿ ಹೋಗಿ ನಿಲ್ಲುತ್ತಾರೆ. ನಮ್ಮ ಕಾಂಟ್ರ್ಯಾಕ್ಟು ಮಾತ್ರ ಆ ಚಳಿಗಾಲದಲ್ಲಿ, ತಿಂಗಳುಗಟ್ಟಲೆ ಎಳೆದಾಟದ ನಂತರ, ನಾವು ಕೇಳಿದಂತೆಯೇ ಆಯಿತು. ಏರಿಕೆ ತೆಳ್ಳಗಿತ್ತು. ಅವಳಿಗೆ ಹದಿನಾರು ವರ್ಷದ ಸರ್ವಿಸಿತ್ತು, ಅರವತ್ತು ದಾಟಿತ್ತು. ಮೊದಲ ಅರ್ಜಿ ಅವಳದೇ. ನಾನೇ ತುಂಬಿಕೊಟ್ಟೆ. ಕೊನೆಯ ದಿನ ಎಲ್ಲರಿಗೂ ರವೆ ಉಂಡೆ ತಂದಿದ್ದಳು, ಬಾಯ್ಲರ್ ರೂಮಿಗೆ ಒಂದು ಡಬ್ಬಿ ಬೇರೆಯಾಗಿ.

ಅವಳ ಗಂಡ ಆಮೇಲೆ ಎರಡು ವರ್ಷ ಇದ್ದರು. ಮೆಡಿಕೇರ್ ವಯಸ್ಸು ಅವರಿಗೆ ಬರಲೇ ಇಲ್ಲ. ಅವರು ಹೋದ ಮೇಲೆ ಅವಳು ಮೈಸೂರಿಗೆ, ತಂಗಿಯ ಮನೆಗೆ ಹೊರಟುಹೋದಳು. ಹೊರಡುವ ಹೊತ್ತಿಗೆ ನಾನು ಸೊಂಟದ ಆಪರೇಷನ್ ಆಗಿ ಮಲಗಿದ್ದೆ, ಏರ್‌ಪೋರ್ಟಿಗೆ ಹೋಗಲಾಗಲಿಲ್ಲ. ಫೋನಿನಲ್ಲಿ "ಅಕ್ಕ, ಬರ್ತೀನಿ," ಎಂದಳು. ಹೋಗುತ್ತೇನೆ ಎನ್ನಬಾರದಲ್ಲ, ಅದಕ್ಕೆ.

ಹಾಗಾಗಿ ಅವಳನ್ನು ನಾನು ಕೊನೆಯ ಸಲ ಕಣ್ಣಾರೆ ಕಂಡದ್ದು ಅದಕ್ಕೂ ಮುಂಚೆ, ಕ್ರಾಸ್‌ರೋಡ್ಸ್‌ನಲ್ಲಿ. ಒಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆ. ಮಗಳು ದಿನಸಿ ತರಲು ಹೋಗಿದ್ದಳು, ನಾನು ಕಾರಿನಲ್ಲಿ ಕೂತಿದ್ದೆ. ಎದ್ದು ಮಾತಾಡಿಸಲು ಸೊಂಟ ಬಿಡುತ್ತಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ಅವಳೂ ಅವಳ ಗಂಡನೂ ನಿಂತಿದ್ದರು. ಆ ಕಾಯಿಲೆಯವರಿಗೆ ಹೊಸ್ತಿಲಲ್ಲಿ ಕಾಲು ಕಚ್ಚಿಕೊಂಡುಬಿಡುತ್ತದೆ, ಮುಂದೆ ಹೆಜ್ಜೆ ಏಳುವುದಿಲ್ಲ, ದಾಟಲು ಎದುರಿಗೊಂದು ಅಡ್ಡ ಕಂಡರೆ ಮಾತ್ರ ಏಳುತ್ತದೆ. ತಾನಾಗಿ ತೆರೆಯುವ ಗಾಜಿನ ಬಾಗಿಲು ತೆರೆಯುತ್ತಿತ್ತು, ಮುಚ್ಚಲು ಬಂದು ಮತ್ತೆ ತೆರೆಯುತ್ತಿತ್ತು. ಹಿಂದೆ ಗಾಡಿ ತಳ್ಳಿಕೊಂಡು ನಾಲ್ಕೈದು ಜನ ಕಾಯುತ್ತಿದ್ದರು. ಅವಳ ಗಂಡ ತೊಟ್ಟಿದ್ದದ್ದು ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಗುಂಡಿಗಳು ಕೊರಳಿನ ತನಕ. ಅವಳು ಅವರನ್ನು ಎಳೆಯಲಿಲ್ಲ, ದೂಡಲಿಲ್ಲ. ಹಿಂದಿದ್ದವರಿಗೆ ಸಾರಿ ಅನ್ನಲೂ ಇಲ್ಲ. ತನ್ನ ಚಪ್ಪಲಿ ಕಾಲನ್ನು ಅವರ ಬೂಟಿನ ಮುಂದೆ ಅಡ್ಡ ಇಟ್ಟು, ಅವರ ಮುಖ ನೋಡುತ್ತ ಏನೋ ಹೇಳಿದಳು. ಅವರು ಏನೋ ಉತ್ತರ ಕೊಟ್ಟರು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವರು ಕಾಲೆತ್ತಿ ಅವಳ ಪಾದವನ್ನು ದಾಟಿದರು.